ಬಿಡು ಅಂದ್ರ ಬಿಡು

ಮೆಹಬೂಬ್ ಚಾಚಾ ಮೀನಿಗೂ ಬೈಯುತ್ತಿದ್ದರು. ಗ್ಯಾರೇಜಿನ ಎಣ್ಣೆ ಎಷ್ಟು ತಿಕ್ಕಿದರೂ ಹೋಗದ ಕರಿ ಉಗುರಿನ ಬೆರಳನ್ನು ನೀರಿನತ್ತ ಚಾಚಿ, "ಬಾ ಹೊರಗ, ಎಷ್ಟ ಸೊಕ್ಕ ನಿಂದು!" ಎಂದು ಗದರುವರು. ಫ್ರೀವೇಯಲ್ಲಿ ಸಿಗ್ನಲ್ ಹಾಕದೆ ಲೇನು ಬದಲಿಸುವವರಿಗೆ, ದಡದಲ್ಲಿ ನಿಂತು ಫೋನಿನಲ್ಲಿ ಮೀಟಿಂಗು ನಡೆಸುವವರಿಗೆ, ಏಪ್ರಿಲ್ ತಿಂಗಳಲ್ಲಿ ಬೀಸುವ ತಣ್ಣನೆ ಗಾಳಿಗೆ, ಎಲ್ಲಕ್ಕೂ ಅವರ ಹತ್ತಿರ ಬೇರೆಬೇರೆ ಬೈಗುಳವಿತ್ತು. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ನನ್ನ ಕೈಲಾಗುವುದಿಲ್ಲ. ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ.

ಬಾಗಲಕೋಟೆಯ ಕಡೆಯವರು. ಸ್ಯಾನ್ ಹೋಸೆಯಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗದ ಗ್ಯಾರೇಜು ಇಟ್ಟುಕೊಂಡಿದ್ದರು. ಮೊದಲ ಸಲ ನಾನು ಕಾರು ತೆಗೆದುಕೊಂಡು ಹೋದಾಗ, ಚಕ್ರ ಬಿಚ್ಚಿ ನೋಡಿದವರೇ ನನ್ನನ್ನು ಕರೆದು ನಿಲ್ಲಿಸಿದರು. "ಬ್ರೇಕ್ ಪ್ಯಾಡ್ ಪೂರಾ ಸವದು ಹೋಗ್ಯಾವ. ಇದನ್ನ ಹೊಡ್ಕೊಂಡು ಫ್ರೀವೇ ಮ್ಯಾಲ ಬಂದಿಯೇನು? ಯಾಕ ತಂಗಿ, ಸಾಯಾಕ ಅವಸರ ಐತೇನು?" ಮೈಸೂರಿನ ನನ್ನ ಮನೆಯಲ್ಲಿ ಯಾರೂ ಯಾರಿಗೂ ಗಟ್ಟಿಯಾಗಿ ಬೈದದ್ದಿಲ್ಲ. ಮುನಿಸಿಕೊಂಡರೆ ಊಟದ ತಟ್ಟೆ ಸರಿಸುತ್ತಿದ್ದೆವು, ಅಷ್ಟೇ. ಹಾಗಾಗಿ ಅವರ ಬೈಗುಳ ನನಗೆ ಹಿತವೆನಿಸಿತು ಎಂದರೆ ನಗಬೇಡಿ.

ರೆಡ್‌ವುಡ್ ಸಿಟಿಯ ನನ್ನ ಕೆಲಸ ಹೋದ ವಾರ ಆಯಿಲ್ ಬದಲಿಸಲು ಹೋಗಿದ್ದೆ. ಮುಖ ನೋಡಿದವರೇ ವಿಷಯ ಕೇಳಿ ತಿಳಿದುಕೊಂಡರು. "ಆ ಬಾಸ್ ನಿನ್ನ ಬಿಟ್ಟಾನ. ಹೋಗ್ಲಿ, ಈ ಬಾಸ್‌ನ ನೀ ಹಿಡಿ ಬಾ" ಎಂದರು. ಬಾಸ್ ಎಂಬುದು ಇಲ್ಲಿನ ಕೆರೆಗಳಲ್ಲಿರುವ ಅಗಲ ಬಾಯಿಯ ಮೀನು. ಹೀಗೆ ಮೊಟ್ಟೆಯನ್ನೂ ಮುಟ್ಟದ ನಾನು ಗಾಳ ಹಿಡಿದೆ.

ನಾವು ಹೋಗುತ್ತಿದ್ದದ್ದು ಊರಾಚೆ, ಗುಡ್ಡಗಳ ನಡುವಿನ ಒಂದು ಜಲಾಶಯಕ್ಕೆ. ನೀರಿನಲ್ಲಿ ಪಾದರಸವಿದೆ, ಮೀನು ತಿನ್ನಬೇಡಿ ಎಂದು ಅಲ್ಲಿ ಬೋರ್ಡಿದೆ. "ನಿಂಗ ನಿಮ್ಮವ್ವ ತಿನ್ನಾಕ ಬಿಡಂಗಿಲ್ಲ, ನಂಗ ಸರಕಾರ ಬಿಡಂಗಿಲ್ಲ. ನಾವಿಬ್ರೂ ಬ್ರಾಹ್ಮಣರ!" ಎಂದು ಚಾಚಾ ತಾವೇ ನಕ್ಕರು. ಹಿಡಿದ ಮೀನನ್ನು ಅಲ್ಲೇ ಬಿಟ್ಟು ಬರುತ್ತಿದ್ದೆವು.

ವಸಂತದಲ್ಲಿ ನಾಲ್ಕು ದಿನ ಬಿಸಿಲು ಕಾದು, ಇದ್ದಕ್ಕಿದ್ದಂತೆ ಮತ್ತೆ ಚಳಿ ಬಿದ್ದರೆ ಈ ಮೀನು ಮಂಕಾಗುತ್ತದೆ. ಮುಂದೆ ಬಂದ ಹುಳುವನ್ನೂ ಕಚ್ಚುವುದಿಲ್ಲ. ಉಳಿದವರು ಮನೆಯಲ್ಲಿರುವ ಅಂಥ ದಿನವೇ ಚಾಚಾ ಹೊರಡುವರು. ಆಗ ಗಾಳವನ್ನು ಬೀಸಿ ಎಸೆಯುವಂತಿಲ್ಲ, ಸದ್ದಾಗದ ಹಾಗೆ ಇಳಿಸಬೇಕು. "ಒಗೀಬ್ಯಾಡ, ಬಿಡು" ಎನ್ನುವರು. ಬಿಟ್ಟ ಮೇಲೆ ಪ್ಲಾಸ್ಟಿಕ್ಕಿನ ಹುಳು ತಳದಲ್ಲಿ ಸುಮ್ಮನೆ ಮಲಗಿರಬೇಕು. ಕೈ ಮರಗಟ್ಟಿದರೂ ರೀಲು ಸುತ್ತುವಂತಿಲ್ಲ. ಮತ್ತೆ ಜಾಗ ತೋರಿಸಿ, "ಇಲ್ಲಿ ಬಿಡು." ಅಂಥ ಒಂದು ಬೆಳಿಗ್ಗೆ ಆ ಮಾತನ್ನು ಇಪ್ಪತ್ತು ಸಲವಾದರೂ ಕೇಳಿದ್ದೆ. ಒಂದು ಮೀನೂ ಬಿದ್ದಿರಲಿಲ್ಲ.

ಆಗ ದಡದ ಹತ್ತಿರ, ಮೊಳಕಾಲುದ್ದದ ನೀರಿನಲ್ಲಿ ಒಂದು ದೊಡ್ಡ ಮೀನು ಅಲುಗದೆ ನಿಂತದ್ದನ್ನು ಅವರು ಕಂಡರು. ಪಿಸುದನಿಯಲ್ಲಿ ಹೇಳಿದರು, "ಅಲ್ಲಿ ಗಂಡು ಕುಂತೈತಿ. ಬಿಡು." ಹೇಳಿ, ಸಿಕ್ಕಾದ ತಮ್ಮ ದಾರ ಬಿಡಿಸಲು ಆಚೆ ತಿರುಗಿ ಕೂತರು.

ಬಿಟ್ಟೆ. ಮೀನಿನ ಮೂಗಿನ ಮುಂದೆಯೇ ಬಿಟ್ಟೆ. ಅದು ಬಾಯಿ ಹಾಕಿತು. ಸದ್ದು ಮಾಡದೆ ಎಳೆದುಕೊಂಡು, ಚಾಚಾಗೆ ಆಮೇಲೆ ತೋರಿಸಿ ಬೆಚ್ಚಿಬೀಳಿಸೋಣವೆಂದು, ಎಡದಿಂದ ಒಂದು ಬಲದಿಂದ ಒಂದು ಫೋಟೋ ತೆಗೆದೆ. ಅಮ್ಮ ನೋಡಿದರೆ ಏನನ್ನುತ್ತಾಳೋ ಎಂದು ನಗುತ್ತ ಇನ್ನೂ ಎರಡು ತೆಗೆದೆ.

"ಏ! ಏನ್ ಮಾಡಿದಿ?" ಚಾಚಾ ಎದ್ದು ನಿಂತಿದ್ದರು. ನನ್ನನ್ನಲ್ಲ, ನೀರನ್ನು ನೋಡುತ್ತಿದ್ದರು. ಮೀನು ನಿಂತಿದ್ದ ಕಡೆ ಮರಳನ್ನು ಗುಡಿಸಿದಂಥ ಒಂದು ದುಂಡನೆಯ ಗೂಡು. ಅದರ ಮೇಲೆ ಅಂಗೈಯಗಲದ ಸಣ್ಣ ಮೀನುಗಳು ಮುಗಿಬಿದ್ದು ಮೊಟ್ಟೆ ಮುಕ್ಕುತ್ತಿದ್ದವು. "ತತ್ತಿ ಕಾಯ್ಕೋತ ಕುಂತಿತ್ತು ಅದು! ಇಂಥಾ ಥಂಡ್ಯಾಗ ಉಪಾಸ ಕುಂತಿತ್ತು! ನಿನ್ನ ಫೋಟೋಕ್ಕ ಬೆಂಕಿ ಹಚ್ಚ!"

"ನೀವೇ ತಾನೇ ಬಿಡು ಅಂದಿದ್ದು?"

"ಬಿಡು ಅಂದ್ರ ಬಿಡು ಅಂತ! ಅದರ ಪಾಡಿಗೆ ಅದನ್ನ ಬಿಡು ಅಂತ!"

"ಬೆಳಿಗ್ಗೆಯಿಂದ ಬಿಡು ಅಂದ್ರೆ ಗಾಳ ಬಿಡು ಅಂತ ಇತ್ತು. ಈಗ ಬೇರೆ ಅರ್ಥ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಚಾಚಾ?"

ಮೀನನ್ನು ನನ್ನ ಕೈಯಿಂದ ಕಸಿದು ನೀರಿಗೆ ಇಳಿಸಿದರು. ಅದು ಗೂಡಿನತ್ತ ತಿರುಗಲಿಲ್ಲ, ಆಳಕ್ಕೆ ಹೋಯಿತು. ವಾಪಸು ಬರುವಾಗ ಅವರು ಒಬ್ಬರಿಗೂ ಬೈಯಲಿಲ್ಲ. ಆಗಲೇ ನನಗೆ ಭಯವಾಯಿತು.

ಅಂದಿನಿಂದ ನನ್ನ ಫೋನು ಎತ್ತಲಿಲ್ಲ. ಮೂರು ಸಲ ಮಾಡಿದೆ, ನಾಲ್ಕನೆಯದಕ್ಕೆ ನನಗೂ ರೋಷ ಬಂತು. ಮೀನಿಗೆ ಆದ ಅನ್ಯಾಯಕ್ಕೆ ಮನುಷ್ಯರ ಜೊತೆ ಮಾತು ಬಿಡುವುದೇ? ಮಾತು ಸರಿಯಾಗಿ ಆಡದವರು ಅವರು, ತಪ್ಪು ನನ್ನದೇ? ಹಟಕ್ಕೆ ಬಿದ್ದು ಕಾರನ್ನು ಬೇರೆ ಮೆಕ್ಯಾನಿಕ್‌ಗೆ ತೋರಿಸಿದೆ, ನನ್ನದೇ ಗಾಳ ಕೊಂಡೆ. ಹೊಸ ಕೆಲಸ ಸಿಕ್ಕಿತು, ಅದನ್ನೂ ಅವರಿಗೆ ಹೇಳಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಮತ್ತೆ ಚಳಿ ಬಿತ್ತು. ಬರುತ್ತಾರೆಂದು ಗೊತ್ತಿದ್ದೇ ಹೋದೆ. ಬಂದಿದ್ದರು, ಸ್ವಲ್ಪ ಸೊರಗಿದ್ದರು. ನನ್ನಿಂದ ಐವತ್ತು ಹೆಜ್ಜೆ ಆಚೆ ನಿಂತು ಗಾಳ ಬಿಟ್ಟರು. ನಾನೂ ಬಿಟ್ಟೆ, ಒಂದು ಹನಿ ಸಿಡಿಯದ ಹಾಗೆ. ನೋಡಲಿ ಎಂದೇ ಹಾಗೆ ಬಿಟ್ಟೆ. ಒಂದು ಗಂಟೆ ಕಳೆದ ಮೇಲೆ ಅವರು ಫ್ಲಾಸ್ಕು ತೆಗೆದು ಎರಡು ಲೋಟಕ್ಕೆ ಚಹಾ ಬಗ್ಗಿಸಿದರು. ಒಂದನ್ನು ತಾವು ಹಿಡಿದು, ಇನ್ನೊಂದನ್ನು ಪಕ್ಕದ ಕಲ್ಲಿನ ಮೇಲಿಟ್ಟರು. ನನ್ನ ಕಡೆ ತಿರುಗಲಿಲ್ಲ.

ನನಗೆ ಅರ್ಥವಾಗಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಚೆನ್ನಾಗಿಯೇ ಅರ್ಥವಾಯಿತು. ಬಾಯಿಬಿಟ್ಟು ಕರೆಯಲಿ, ಆಮೇಲೆ ಹೋಗುತ್ತೇನೆ ಎಂದುಕೊಂಡೆ. ಲೋಟದ ಹಬೆ ನಿಲ್ಲುವವರೆಗೂ ನೋಡುತ್ತ ನಿಂತಿದ್ದೆ. ಕೊನೆಗೆ ಅವರು ಆ ಚಹಾವನ್ನು ಹುಲ್ಲಿಗೆ ಚೆಲ್ಲಿ ಟ್ರಕ್ಕು ಹತ್ತಿ ಹೊರಟುಹೋದರು.

ಮೂರು ವಾರಕ್ಕೆ ಅವರ ಹೆಂಡತಿ, ಚಾಚಿ, ಫೋನು ಮಾಡಿದರು. ಗ್ಯಾರೇಜಿನಲ್ಲೇ ಎದೆನೋವು ಬಂದಿತಂತೆ. ಮನೆಗೆ ಹೋದಾಗ ಚಾಚಿ ನನ್ನ ಕೈ ಹಿಡಿದು ಕೂರಿಸಿಕೊಂಡರು. "ಆವತ್ತು ಕೆರೀಯಿಂದ ಬಂದು ಖುಷೀಲೆ ಹೇಳಿದ್ರು ಬೇಟಿ, ಆಕಿ ಬಂದಿದ್ಲು, ಎಷ್ಟ ಛಲೋ ಗಾಳ ಬಿಡ್ತಾಳಂತೀ, ಸಪ್ಪಳ ಇಲ್ಲ ಅಂತ."

"ಅದನ್ನ ನಂಗೆ ಹೇಳಕ್ಕೆ ಏನು ಧಾಡಿ ಇತ್ತು ಅವರಿಗೆ?" ಎಂದು ಕಿರುಚಿದೆ. "ಐವತ್ತು ಹೆಜ್ಜೆ ದೂರದಲ್ಲೇ ನಿಂತಿದ್ನಲ್ಲ ನಾನು!" ಸಾವಿನ ಮನೆ, ಬಂದವರೆಲ್ಲ ನನ್ನತ್ತ ತಿರುಗಿದರು. ನನಗೆ ನಾಚಿಕೆಯಾಯಿತು, ಎದ್ದು ಹೋಗಲು ನೋಡಿದೆ.

ಚಾಚಿ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. "ಬೈ ಬೇಟಿ, ಇನ್ನಷ್ಟ ಬೈ. ಮೂವತ್ತು ವರ್ಷ ದಿನಾ ನಾನೂ ಬೈದೀನಿ. ಇನ್ನ ಯಾರಿಗೆ ಬೈಲಿ ಹೇಳು?"

ನಾವಿಬ್ಬರೂ ಅಳುತ್ತ ಕೂತು, ಅವರನ್ನು ಮನಸಾರೆ ಬೈದೆವು.