ಯಾರನ್ನೂ ನಂಬದ ಟೈಪಿಂಗ್ ಅಕ್ಕ

ಪಾಸ್‌ವರ್ಡ್ ಒತ್ತುವಾಗ ಅಕ್ಕನ ಎಡಗೈ ಕೀಬೋರ್ಡಿನ ಮೇಲೆ ಕೊಡೆಯ ಹಾಗೆ ಬಾಗುತ್ತಿತ್ತು. ಬೆಳ್ತಂಗಡಿಯಲ್ಲಿ ತಾಲೂಕು ಕಚೇರಿಯ ಹತ್ತಿರ ಅವರದು ಟೈಪಿಂಗ್, ಜೆರಾಕ್ಸ್ ಅಂಗಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತ ಬಂದವರನ್ನೆಲ್ಲ ಕನ್ನಡಕದ ಮೇಲಿಂದ ಅಳೆಯುತ್ತಿದ್ದರು. ಕಂಪ್ಯೂಟರನ್ನೂ ನಂಬುತ್ತಿರಲಿಲ್ಲ. ಆಫ್ ಮಾಡಿದ ಮೇಲೆ ಪ್ಲಗ್ ಕಿತ್ತರೇ ಸಮಾಧಾನ.

ಆ ಹಳೆಯ ಕೀಬೋರ್ಡಿನಲ್ಲಿ ಅಕ್ಷರದ ಕೀಗಳು ಬಿಟ್ಟರೆ ಉಳಿದವು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಅಕ್ಕ ಅವರಿವರನ್ನು ಕೇಳಿ ಡೆಸ್ಕ್‌ಟಾಪಿನಲ್ಲಿ ತಾವೇ ಶಾರ್ಟ್‌ಕಟ್ ಮಾಡಿಕೊಂಡಿದ್ದರು. ಕಂಪ್ಯೂಟರ್ ಆಫ್ ಮಾಡಲು ಒಂದು, ಸ್ಕ್ರೀನ್ ಲಾಕ್ ಮಾಡಲು ಒಂದು. ಕಮಾಂಡಿನ ಸಾಲನ್ನು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿ, ಲಾಕಿನದಕ್ಕೆ ಬೀಗದ ಚಿತ್ರ ಅಂಟಿಸಿದ್ದರು. ಆ ಬೀಗ ಸದಾ ಕಣ್ಣಿಗೆ ಕಾಣಬೇಕೆಂದು ಟೈಪ್ ಮಾಡುವ ಪುಟವನ್ನು ಅರ್ಧ ಸ್ಕ್ರೀನಿಗಷ್ಟೇ ಇಟ್ಟುಕೊಳ್ಳುತ್ತಿದ್ದರು. ಯಾರಾದರೂ ಕೌಂಟರಿಗೆ ಬಾಗಿದರೆ ಮೌಸಿನಲ್ಲಿ ಟಕಟಕ, ಸ್ಕ್ರೀನ್ ಲಾಕ್.

"ನಾವೆಂಥ ಕಳ್ಳರಾ ಅಕ್ಕಾ?" ಎಂದು ಬಂದವನೊಬ್ಬ ಕೇಳಿದ್ದ.

"ಕಳ್ಳ ಬೋರ್ಡ್ ಹಾಕಿಕೊಂಡು ಬರ್ತಾನಾ ಮಾರಾಯ?"

ನಾನು ಗಂಡನ ಪೆಟ್ಟು ತಾಳಲಾರದೆ ಓಡಿಬಂದು ಮೂಡುಬಿದಿರೆಯಲ್ಲಿ ಗೆಳತಿಯ ಕೋಣೆಯಲ್ಲಿ ಅಡಗಿದ್ದ ಕಾಲ. ದೂರನ್ನು ಗಂಡನ ಊರಾದ ಬೆಳ್ತಂಗಡಿಯಲ್ಲೇ ಕೊಡಬೇಕೆಂದು, ಟೈಪ್ ಮಾಡಿಸಲು ಅಕ್ಕನಲ್ಲಿಗೆ ಹೋಗಿದ್ದೆ. "ಹೇಳುವುದೆಲ್ಲ ಸತ್ಯವಾ?" ಎಂದು ನನ್ನನ್ನೂ ಗದರಿಸಿದರು. ನನಗೆ ಸಿಟ್ಟೇ ಬಂತು. ಗೆಳತಿಯ ಕೋಣೆಯ ವಿಳಾಸ ಟೈಪಾಗಿ ಮುಗಿಯುವಾಗ ಹೊರಗೆ ಬೈಕ್ ನಿಂತಿತು. ಗಂಡನ ಅಣ್ಣ. ನಾನು ಬಸ್ಸಿಳಿಯುವುದನ್ನು ಯಾರೋ ಕಂಡು ಹೇಳಿರಬೇಕು. ಫೋಟೋ ತೆಗೆಯುವ ಮೂಲೆಯ ಬಟ್ಟೆಯ ಹಿಂದೆ ನುಗ್ಗಿದೆ. ನನ್ನ ವಿಳಾಸ ಸ್ಕ್ರೀನಿನಲ್ಲಿ ಹಾಗೇ ಉಳಿದಿತ್ತು. ಅದು ಅವನ ಕಣ್ಣಿಗೆ ಬಿದ್ದರೆ ನನಗೆ ಇನ್ನೆಲ್ಲೂ ಜಾಗವಿರಲಿಲ್ಲ.

ಟಕಟಕ ಕೇಳಿಸಿತು.

"ಇಲ್ಲಿ ಒಬ್ಬಳು ಬಂದಿದ್ದಳಲ್ಲ, ಎಂಥ ಟೈಪ್ ಮಾಡಿಸಿದಳು? ತೋರಿಸಿ."

"ಲಾಕ್ ಆಗಿದೆ."

"ತೆಗೀರಿ. ನಾವು ಅವಳ ಮನೆಯವರೇ."

"ಹೌದು ಅಂತ ನಾನು ಹೇಗೆ ನಂಬುವುದು? ಆಧಾರ್ ಕಾರ್ಡ್ ಉಂಟಾ? ಮೊದಲು ಆಚೆ ನಿಲ್ಲಿ."

ಅವನು ಕೂಗಾಡಿದ, ಕೌಂಟರಿಗೆ ಗುದ್ದಿದ. ಅಕ್ಕ ಆಧಾರ್ ಕಾರ್ಡನ್ನೇ ಕೇಳುತ್ತಿದ್ದರು. ಕೊನೆಗೆ ಬೈಯುತ್ತ ಹೋದ. ದೂರಿನ ಪ್ರಿಂಟ್ ಕೈಗಿಟ್ಟು, ನನ್ನೆದುರೇ ಫೈಲ್ ಅಳಿಸಿ, ನನ್ನನ್ನು ಹಿಂಬಾಗಿಲಿನಿಂದ ಕಳಿಸಿದರು. ನಾನಿವತ್ತು ತಲೆಯೆತ್ತಿ ಓಡಾಡುತ್ತಿರುವುದು ಆ ಅನುಮಾನದ ಋಣದಲ್ಲಿ.

ಕೇಸು ಮುಗಿದು, ಮೂಡುಬಿದಿರೆಯಲ್ಲೇ ಕೆಲಸ ಸಿಕ್ಕಿದ ಮೇಲೆ ಅಕ್ಕನನ್ನು ನೋಡಲು ಹೋದೆ. ಒಬ್ಬರು ಜೆರಾಕ್ಸಿಗೆ ನಿಂತಿದ್ದರು.

"ಅಕ್ಕಾ, ನನ್ನ ನೆನಪುಂಟಾ?"

"ನಿಮ್ಮನ್ನು ನಾನು ಕಂಡದ್ದೇ ಇಲ್ಲ" ಎಂದು ಪ್ರಿಂಟರಿನ ಕಡೆ ತಿರುಗಿಬಿಟ್ಟರು.

ನನ್ನ ಮುಖ ಸಣ್ಣದಾಯಿತು. ಜೆರಾಕ್ಸಿನವರು ಹಣ ಕೊಟ್ಟು, ರಸ್ತೆ ದಾಟಿ ಮರೆಯಾಗುವವರೆಗೂ ಅಕ್ಕ ಅವರ ಬೆನ್ನನ್ನೇ ನೋಡುತ್ತಿದ್ದರು. ಆಮೇಲೆ ಕೌಂಟರಿನಿಂದ ಈಚೆ ಬಂದು ನನ್ನ ಕೈ ಹಿಡಿದರು.

"ಈಗ ಹೊಡೆಯುವವರು ಯಾರೂ ಇಲ್ಲ ಅಲ್ವಾ ಮಗಾ?"

"ಯಾರೂ ಇಲ್ಲ ಅಕ್ಕಾ."

ಅಕ್ಕ ಅದನ್ನೂ ನಂಬಲಿಲ್ಲ. ನನ್ನ ಚೂಡಿದಾರದ ತೋಳನ್ನು ಮೊಣಕೈವರೆಗೆ ಸರಿಸಿ, ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ನೋಡಿದರು.