ಪದ್ಮಕ್ಕ ಬಿಡಿಸಿದ ಸಿಟ್ಟು

ಹಾವು ಕಚ್ಚಿದರೆ ಪದ್ಮಕ್ಕ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ಬೆರಳ ಮೇಲೆ ಸೂಜಿ ಚುಚ್ಚಿದಂತೆ ರಕ್ತದ ಚುಕ್ಕೆಗಳು ಮೂಡಿದರೂ ಕೈಯನ್ನು ಗಾಜಿನ ಪೆಟ್ಟಿಗೆಯೊಳಗೆ ಹಾಗೇ ಇಟ್ಟುಕೊಂಡು, "ಮುಗೀತೇನ? ಇನ್ನೂ ಸಿಟ್ಟ ಐತೇನ?" ಎಂದು ಹಾವನ್ನೇ ಕೇಳುತ್ತಿದ್ದರು. ಬಾಗಿಲ ಬಳಿ ನಿಂತ ನಾನು ಅವರ ಪರವಾಗಿ ಕಿರುಚಿಕೊಳ್ಳುತ್ತಿದ್ದೆ. ಜಿರಲೆ ಕಂಡರೂ ಕುರ್ಚಿ ಹತ್ತುವ ಮೈಸೂರಿನವಳು ನಾನು.

ವೆಂಬ್ಲಿಯಲ್ಲಿ ನಮ್ಮ ಕೆಳಗಿನ ಫ್ಲ್ಯಾಟ್ ಅವರದು. ಧಾರವಾಡದಿಂದ ಈ ಪರದೇಶಕ್ಕೆ ಬಂದು, ಇಲ್ಲಿನ ಆಸ್ಪತ್ರೆಗಳಲ್ಲಿ ಮಕ್ಕಳ ಡಾಕ್ಟರಾಗಿದ್ದು ನಿವೃತ್ತರಾದವರು. ಗಂಡ ಎಂದೋ ತೀರಿಹೋಗಿದ್ದರು. ಇದ್ದವನು ಮಗ ವಿನಯ್ ಒಬ್ಬನೇ. ಒಂದು ಬೆಳಿಗ್ಗೆ ಕ್ಯಾನರಿ ವಾರ್ಫ್‌ನ ಆಫೀಸಿಗೆ ಹೊರಟವನು ಟ್ಯೂಬ್ ರೈಲಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದ, ಮತ್ತೆ ಏಳಲಿಲ್ಲ. ಅವನು ಕೆಲವೇ ದಿನಗಳ ಹಿಂದೆ ಆಸೆಪಟ್ಟು ತಂದಿದ್ದ ಹಾವಿನ ಮರಿ ಮನೆಯಲ್ಲಿ ಉಳಿಯಿತು. ಕಿತ್ತಳೆ ಬಣ್ಣ, ಪೆನ್ಸಿಲ್ ದಪ್ಪ. ವಿಷವಿಲ್ಲದ ಜಾತಿ, ಆದರೆ ಸಿಟ್ಟಿಗೇನೂ ಬರವಿರಲಿಲ್ಲ. ಯಾರು ಹತ್ತಿರ ಹೋದರೂ ಕತ್ತು ಮಡಚಿ, ಬಾಲ ಅದುರಿಸಿ ಗಾಜಿಗೇ ಎರಗುತ್ತಿತ್ತು.

ಹಾವು ಮನೆ ಹೊಕ್ಕಿದ್ದಕ್ಕೇ ಮಗ ಹೋದ ಎಂದು ಬಂಧುಗಳು ಫೋನಿನಲ್ಲೇ ತೀರ್ಪು ಕೊಟ್ಟರು. ಅಂಗಡಿಯವನು ವಾಪಸ್ ತೆಗೆದುಕೊಳ್ಳಲು ತಯಾರಿದ್ದ. ಪದ್ಮಕ್ಕ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಅಂವ ತಂದಿದ್ದರಾಗ ಉಸಿರಾಡೂದು ಇದೊಂದ ಉಳದೈತಿ ನೋಡವಾ. ಇದು ತಾನಾಗೇ ನನ್ನ ಕೈಗೆ ಬರಬೇಕು. ಅಲ್ಲೀತನಕ ನಾ ಎಲ್ಲೂ ಹೋಗಂಗಿಲ್ಲ" ಎಂದರು. ಎಲ್ಲಿಗೆ ಹೋಗುವ ಮಾತು ಅದು ಎಂದು ನನಗೆ ಗೊತ್ತಾಯಿತು.

ಮೊದಮೊದಲು ಪೆಟ್ಟಿಗೆಯ ಪಕ್ಕ ಸುಮ್ಮನೆ ಕೂತಿರುತ್ತಿದ್ದರು. ತಮ್ಮ ವಾಸನೆ ಪರಿಚಯವಾಗಲೆಂದು ಉಟ್ಟು ಬಿಟ್ಟ ಹತ್ತಿ ಸೀರೆಯ ತುಂಡೊಂದನ್ನು ಒಳಗಿಟ್ಟರು. ಕೈಯನ್ನು ಯಾವಾಗಲೂ ಪಕ್ಕದಿಂದ ನಿಧಾನ ಒಯ್ಯುತ್ತಿದ್ದರು. "ಮ್ಯಾಲಿಂದ ಕೈ ಬಂದ್ರ ಹದ್ದು ಬಂತು ಅಂತ ತಿಳೀತೈತಿ. ಕಡದಾಗ ಕೈ ಕಸಗೊಂಡ್ರ, ಕಡದ್ರ ಕೈ ದೂರ ಹೋಗತೈತಿ ಅಂತ ಕಲೀತೈತಿ. ಸಿಟ್ಟಲ್ಲವಾ ಅದು, ಹೆದರಿಕಿ. ನನ್ನ ವಾರ್ಡಿನಾಗ ಎಷ್ಟ ಕೂಸುಗಳು ಹಿಂಗ ಕಡದಾವು!" ಉಣಿಸಿದ ಮೇಲೆ ಅರಗುವ ತನಕ ಮುಟ್ಟುತ್ತಿರಲಿಲ್ಲ. ಮೊಟ್ಟೆ ಕೂಡ ತಿನ್ನದ ಆ ಹೆಂಗಸಿನ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಹೆಪ್ಪುಗಟ್ಟಿದ ಇಲಿಮರಿಗಳ ಪೊಟ್ಟಣ! ಅದನ್ನು ನೋಡಿದ ಮೇಲೆ ಕೆಲಕಾಲ ನಾನು ಅವರ ಮನೆಯಲ್ಲಿ ಚಹಾ ಕುಡಿಯುವುದನ್ನೇ ಬಿಟ್ಟಿದ್ದೆ.

ವಸಂತ ಬರುವ ಹೊತ್ತಿಗೆ ಒಂದು ಮಧ್ಯಾಹ್ನ ಫೋನ್ ಮಾಡಿ, "ಬಾ, ಸಪ್ಪಳ ಮಾಡಬ್ಯಾಡ" ಎಂದರು. ಹೋಗಿ ನೋಡಿದರೆ ಮರಿ ಅವರ ಬಳೆಗಳ ನಡುವೆ ಸುತ್ತಿಕೊಂಡು ತಲೆಯನ್ನು ಅಂಗೈಯಲ್ಲಿಟ್ಟು ಮಲಗಿತ್ತು. ಪದ್ಮಕ್ಕ ಕೈ ಅಲುಗಿಸದೆ, ಸದ್ದಿಲ್ಲದೆ ಅಳುತ್ತಿದ್ದರು. ನಾನೂ ಅತ್ತೆ. ಧೈರ್ಯ ಮಾಡಿ ಒಂದು ಬೆರಳಿನಿಂದ ಮುಟ್ಟಿಯೂ ನೋಡಿದೆ.

ಶ್ರಾವಣಕ್ಕೆ ಹುಬ್ಬಳ್ಳಿಯಿಂದ ನಾದಿನಿ ಶಾರದಕ್ಕ ಬಂದರು. ವಿನಯನನ್ನು ಎತ್ತಿ ಆಡಿಸಿದ ಸೋದರತ್ತೆ. ಅವರ ಕಡೆ ನಾಗರಪಂಚಮಿಗೆ ಮನೆಯ ಒಬ್ಬೊಬ್ಬರ ಹೆಸರು ಹೇಳಿ, ಇದು ಇಂಥವರ ಪಾಲು ಎನ್ನುತ್ತ ಕಲ್ಲು ನಾಗಪ್ಪನಿಗೆ ಹಾಲೆರೆಯುತ್ತಾರೆ. ಪಂಚಮಿಯ ದಿನ ನಾನೂ ಪದ್ಮಕ್ಕನೂ ಹಬ್ಬದ ಉಂಡೆಗೆ ಎಳ್ಳು, ಬೆಲ್ಲ ತರಲು ಈಲಿಂಗ್ ರೋಡಿನ ಅಂಗಡಿಗೆ ಹೋಗಿ ಬಂದಾಗ ಶಾರದಕ್ಕ ಮಡಿಯುಟ್ಟು ಕೂತಿದ್ದರು. ತೊಡೆಯ ಮೇಲೆ ಹಾವು, ಕೈಯಲ್ಲಿ ಹಾಲಿನ ಚಮಚ.

"ಜೀವಂತ ನಾಗಪ್ಪ ಮನ್ಯಾಗಿರುವಾಗ ಕಲ್ಲಿಗ್ಯಾಕ ಅಂತ ಬಾಯಿಗೇ ಹಾಕಿದೆ ಪದ್ಮಾ. ಒಂದ ಸಲಾನೂ ಕಡೀಲಿಲ್ಲ ನೋಡು, ಎಷ್ಟ ಶಾಂತ ಕುಂತಿತ್ತು! ದೇವರ ಪಾಲು, ಅಣ್ಣನ ಪಾಲು, ನಮ್ಮ ವಿನೂನ ಪಾಲು, ಎಲ್ಲಾ ಕುಡೀತು. ಇನ್ನ ಏನ ದೋಷ ಇದ್ದರೂ ಹೋತು."

ಹಾವಿನ ಮೂಗಿನಲ್ಲಿ ಹಾಲಿನ ಗುಳ್ಳೆ ಏಳುತ್ತಿತ್ತು. ಹಾಲು ಶ್ವಾಸಕೋಶಕ್ಕೆ ಇಳಿದಿತ್ತು. ಪ್ರಾಣಿವೈದ್ಯರು ಔಷಧಿ ಚುಚ್ಚಿದರು, ಬೆಚ್ಚಗಿಡಲು ಹೇಳಿದರು. ಅದು ಬಾಯಿ ತೆರೆದು ತಲೆ ಮೇಲೆತ್ತಿ ಉಸಿರಿಗಾಗಿ ಒದ್ದಾಡಿ ಒದ್ದಾಡಿ ಸತ್ತಿತು. ಪದ್ಮಕ್ಕ ನಾದಿನಿಗೆ, ಹಾವಿಗೆ ಮೊದಲೇ ಜಡ್ಡಿತ್ತು ಎಂದು ಸುಳ್ಳು ಹೇಳಿ ಸಮಾಧಾನ ಮಾಡಿ ಊರಿಗೆ ಕಳಿಸಿಕೊಟ್ಟರು. ನನಗಾದರೆ ಆ ಹೆಂಗಸಿನ ಮುಖ ನೋಡುವುದಕ್ಕೂ ಮನಸ್ಸಿರಲಿಲ್ಲ.

ಆ ಚಳಿಗಾಲ ದಾಟುವ ಮುಂಚೆ ಪದ್ಮಕ್ಕನೂ ತೀರಿಹೋದರು. ಅವರ ಫ್ಲ್ಯಾಟಿಗೆ ಈಗ ಬೇರೆಯವರು ಬಂದಿದ್ದಾರೆ. ನಾನು ಕೊನೆಯ ಸಲ ಅವರ ಜತೆ ಕೂತಾಗ ಶಾರದಕ್ಕನನ್ನು ಚೆನ್ನಾಗಿ ಬೈದೆ. ಪದ್ಮಕ್ಕ ನನ್ನ ಮೊಣಕಾಲ ಮೇಲೆ ಕೈಯಿಟ್ಟು ತಡೆದರು.

"ಆಕಿನ್ನ ಬೈಬ್ಯಾಡವಾ. ಆ ಮರಿ ಮೊದಲಿನಂಗ ಇದ್ದಿದ್ರ ಆಕಿಗೆ ಮುಟ್ಟಾಕ ಬಿಡ್ತಿತ್ತೇನ? ಆ ಕೂಸಿಗೆ ಬರೂದು ಕಡಿಯೂದೊಂದ. ಅದನ್ನ ಬಿಡಿಸಿದಾಕಿ ನಾನು."