ವಿದ್ಯಾನಗರದ ಕೋರ್ಟಿನ ಬಿಳಿ ಗೆರೆಗಳು

2007ರ ಬೇಸಿಗೆ. ಆಗ ಭದ್ರಾವತಿಯ ಹಳೇನಗರದಲ್ಲಿ ನನ್ನದೊಂದು ಫ್ಲೋರಿಂಗ್ ಅಂಗಡಿ ಇತ್ತು. ಆಫೀಸುಗಳ ನೆಲಕ್ಕೆ ವಿನೈಲ್ ಹಾಳೆ ಅಂಟಿಸುವುದು, ಸಭಾಂಗಣಗಳಿಗೆ ಕಾರ್ಪೆಟ್ ಹಾಸುವುದು ನಮ್ಮ ಮುಖ್ಯ ಕಸುಬು. ಕೃತಕ ಹುಲ್ಲಿನ ಟರ್ಫ್ ಕೋರ್ಟುಗಳು ನಮ್ಮ ಕಡೆ ಇನ್ನೂ ಅಪರೂಪ. ಹುಬ್ಬಳ್ಳಿಯಲ್ಲಿ ಕೆಲಕಾಲ ಆ ಕೆಲಸ ಮಾಡಿ ಬಂದಿದ್ದರಿಂದ, ಎಲ್ಲಾದರೂ ಟರ್ಫಿನ ಜೋಡಣೆ ಬಿಟ್ಟುಕೊಂಡರೆ ನನಗೇ ಕರೆ ಬರುತ್ತಿತ್ತು.

ಆ ಸಲ ಕರೆ ಮಾಡಿದವರು ಶಿವಮೊಗ್ಗದ ವಿದ್ಯಾನಗರದ ಶೋಭಾ. ಬ್ಯಾಂಕ್ ಉದ್ಯೋಗಿ. ಮನೆಯ ಹಿಂದೆ ಪುಟ್ಟ ಟೆನ್ನಿಸ್ ಕೋರ್ಟ್ ಇದೆ, ಅದರ ಜೋಡಣೆಗಳೆಲ್ಲ ಬಾಯಿ ಬಿಟ್ಟಿವೆ, ಅದಕ್ಕೇ ಕಾಲು ಸಿಕ್ಕಿ ತಮ್ಮ ತಂದೆ ಬಿದ್ದಿದ್ದಾರೆ ಎಂದರು. ಮರುದಿನವೇ ನಾನು, ನನ್ನ ಜೊತೆಗಾರ ಸೆಲ್ವಂ ಹೊರಟೆವು.

ತಂದೆ ರುದ್ರಪ್ಪನವರು ಹಿತ್ತಲ ಜಗಲಿಯಲ್ಲಿ ಕುಳಿತಿದ್ದರು. ಬಲ ಮಣಿಕಟ್ಟಿಗೆ ಪ್ಲಾಸ್ಟರ್, ಹುಬ್ಬಿನ ಮೇಲೆ ಹೊಲಿಗೆ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವರು. ನಿವೃತ್ತಿಯಾದ ಮೇಲೆ ಪಾರ್ಕಿನ್ಸನ್ ಕಾಯಿಲೆ ಹಿಡಿದಿತ್ತು. ಕೈ ನಡುಗುತ್ತಿತ್ತು, ಮುಖದಲ್ಲಿ ಭಾವನೆ ಕಾಣುತ್ತಿರಲಿಲ್ಲ, ಮಾತು ಪಿಸುಗುಟ್ಟಿದಷ್ಟು ಸಣ್ಣ.

ಟರ್ಫ್ ಬಟ್ಟೆಯ ಥಾನಿನ ಹಾಗೆ ರೋಲುಗಳಲ್ಲಿ ಬರುತ್ತದೆ. ಎರಡು ರೋಲುಗಳ ಅಂಚನ್ನು ಕೂಡಿಸಿ, ಅಡಿಯಲ್ಲಿ ಅಗಲವಾದ ಟೇಪ್ ಇಟ್ಟು ಅಂಟಿಸಿದ ಜಾಗಕ್ಕೆ ಸೀಮ್ ಎನ್ನುತ್ತೇವೆ. ಬಿಳಿ ಗೆರೆಗಳು ಬಣ್ಣ ಬಳಿದದ್ದಲ್ಲ. ಹಸಿರನ್ನು ಕತ್ತರಿಸಿ ತೆಗೆದು, ಆ ಸಂದಿನಲ್ಲಿ ಬಿಳಿ ಹುಲ್ಲಿನ ಪಟ್ಟಿ ಕೂರಿಸುತ್ತೇವೆ. ಹಾಗಾಗಿ ಒಂದು ಗೆರೆ ಎಂದರೆ ಅದರ ಎರಡೂ ಬದಿಗೆ ಒಂದೊಂದು ಸೀಮ್. ಆ ಕೋರ್ಟಿನಲ್ಲಿ ಅಂಟು ಪುಡಿಪುಡಿಯಾಗಿತ್ತು. ಒಂದು ಮೂಲೆಯಲ್ಲಿ ನೀರು ನಿಂತು ಕೆಳಗಿನ ಜಲ್ಲಿ ಕುಸಿದಿತ್ತು. ಗೆರೆಗಳ ಅಂಚು ಬಿಸಿಲಿಗೆ ಮುದುಡಿ ಮೇಲೆದ್ದಿತ್ತು.

ಶೋಭಾ ಆಗಲೇ ನಿರ್ಧಾರ ಮಾಡಿದ್ದರು. ಮಗ ಹಾಸ್ಟೆಲಿಗೆ ಹೋದ ಮೇಲೆ ಅಲ್ಲಿ ಆಡುವವರೇ ಇರಲಿಲ್ಲ. "ಗೆರೆ ಇದ್ರೆ ತಾನೆ ಬಿಚ್ಕೊಳ್ಳೋದು? ಎಲ್ಲಾ ತೆಗೆದು ಬರೀ ಹಸಿರು ಹಾಕ್ಬಿಡಿ" ಎಂದರು. ಕೆಲಸದ ದೃಷ್ಟಿಯಿಂದ ಅದು ಸರಿಯಾದ ಮಾತು. ಸೀಮ್ ಕಡಿಮೆಯಾದಷ್ಟೂ ಬಿಟ್ಟುಕೊಳ್ಳುವ ಜಾಗ ಕಡಿಮೆ.

ನಾವು ಬಿಳಿ ಪಟ್ಟಿಗಳನ್ನು ಕೀಳುವಾಗ ರುದ್ರಪ್ಪನವರು ಜಗಲಿಯಿಂದ ಏನೋ ಹೇಳುತ್ತಿದ್ದರು. ಹತ್ತಿರ ಹೋಗಿ ಬಗ್ಗಿದರೆ "ಗೆರೆ, ಗೆರೆ" ಎಂಬುದಷ್ಟೇ ಕೇಳಿಸಿತು. ಮೊಮ್ಮಗ ಆಡಿದ ಕೋರ್ಟಿನ ಮೇಲಿನ ಮಮತೆ ಇರಬೇಕು ಎಂದುಕೊಂಡೆವು. ಶೋಭಾ ತಂದೆಗೆ ಸಮಾಧಾನ ಹೇಳಿ ಒಳಗೆ ಕರೆದುಕೊಂಡು ಹೋದರು. ನಾವು ಜಲ್ಲಿ ತುಂಬಿ ಮಟ್ಟ ಮಾಡಿ, ಹೊಸ ಟೇಪ್ ಹಾಕಿ, ಇಡೀ ಅಂಕಣವನ್ನು ಒಂದೇ ಹಸಿರು ಮಾಡಿದೆವು. ಅಂಟು ಒಣಗಲು ಬಿಟ್ಟು ಬಂದೆವು.

ಕೆಲಸ ಒಪ್ಪಿಸಲು ಹೋದ ಸಂಜೆ ಶೋಭಾ ತಂದೆಯನ್ನು ತೋಳು ಹಿಡಿದು ನಿಧಾನವಾಗಿ ಕರೆತಂದರು. ಅವರು ಅಂಚಿನಲ್ಲಿ ನಿಂತರು. ಹೆಜ್ಜೆ ಮುಂದಿಡಬೇಕೆಂದರೂ ಪಾದ ಏಳಲಿಲ್ಲ. ನೆಲಕ್ಕೆ ಅಂಟಿಸಿದಂತೆ ಪಾದಗಳು ಅಲ್ಲೇ ಇದ್ದವು, ಮೈ ಮಾತ್ರ ಮುಂದಕ್ಕೆ ವಾಲಿತು. ಸೆಲ್ವಂ ಹಿಡಿಯದಿದ್ದರೆ ಮುಖ ಅಡಿಯಾಗಿ ಬೀಳುತ್ತಿದ್ದರು. ಶೋಭಾ ಗಾಬರಿಯಲ್ಲಿ, ಹಟ ಮಾಡಬೇಡಿ ಅಪ್ಪ, ಈಗ ಎಲ್ಲಾ ಸಮ ಇದೆಯಲ್ಲ ಎಂದು ಸ್ವಲ್ಪ ಗದರಿದರು.

"ಹಟ ಅಲ್ಲ ಕಣೇ" ಎಂದರು ಅವರು, ಬಹಳ ಕಷ್ಟಪಟ್ಟು. "ಗೆರೆ ಕಂಡ್ರೆ ದಾಟ್ತೀನಿ. ಕಾಣ್ದೆ ಇದ್ರೆ ಕಾಲು ಬರಲ್ಲ."

ನಮಗೆ ಅರ್ಥವಾಗಲಿಲ್ಲ. ಅವರು ಗೋಡೆ ಬದಿಯ ಕಸದ ರಾಶಿಯತ್ತ ಕಣ್ಣು ಹಾಯಿಸಿದರು. ಕಿತ್ತ ಬಿಳಿ ಪಟ್ಟಿಯೊಂದನ್ನು ತಂದು ಅವರ ಪಾದದ ಮುಂದೆ ಅಡ್ಡ ಹಾಸಿದೆ. ಅವರು ಅದನ್ನೇ ದಿಟ್ಟಿಸಿದರು. ಬಲಗಾಲು ಎದ್ದಿತು, ಪಟ್ಟಿಯನ್ನು ದಾಟಿತು. ಎಡಗಾಲು ಹಿಂದೆಯೇ ಬಂತು. ಮುಂದೆ ಪಟ್ಟಿ ಇರಲಿಲ್ಲ, ಮತ್ತೆ ನಿಂತುಬಿಟ್ಟರು.

ಶೋಭಾ ಅಲ್ಲೇ ಹುಲ್ಲಿನ ಮೇಲೆ ಕುಳಿತು ಅತ್ತರು. ಮನೆಯೊಳಗೆ ಹೆಜ್ಜೆ ಕೀಳಲಾಗದ ತಂದೆ ಕೋರ್ಟಿನಲ್ಲಿ ಬಿಳಿ ಗೆರೆಯ ಆಚೀಚೆ ಕಾಲಿಡುತ್ತಾ ಅಡ್ಡಾಡುತ್ತಿದ್ದುದನ್ನು ಅವರು ನೋಡಿದ್ದರು. ಕಾರಣ ಕೇಳಿರಲಿಲ್ಲ. ರುದ್ರಪ್ಪನವರೂ, ಹೇಳಿದರೆ ಬುದ್ಧಿ ಕೆಟ್ಟಿದೆ ಅಂದುಕೊಳ್ಳುತ್ತಾರೆಂದು ಸುಮ್ಮನಿದ್ದರಂತೆ. ಶೋಭಾ ಡಾಕ್ಟರಿಗೆ ಫೋನ್ ಮಾಡಿ ಕೇಳಿದಾಗ, ಈ ಕಾಯಿಲೆಯಲ್ಲಿ ಕೆಲವರಿಗೆ ಕಣ್ಣೆದುರು ಗೆರೆ ಇದ್ದರೆ ಹೆಜ್ಜೆ ಸಲೀಸಾಗುತ್ತದೆ ಎಂದರು.

ಹಾಗೆಂದು ಸಮಸ್ಯೆ ಬಗೆಹರಿಯಲಿಲ್ಲ. ಗೆರೆ ಬೇಕಾದರೆ ಸೀಮ್ ಬೇಕು. ಅವರನ್ನು ಬೀಳಿಸಿದ್ದೇ ಸೀಮ್. ಆಟದ ಗೆರೆಗಳಿಗಿಂತ ಹೆಚ್ಚು, ಹೆಜ್ಜೆಗೊಂದರಂತೆ ಅಡ್ಡ ಗೆರೆಗಳನ್ನು ಹಾಕಬೇಕಿತ್ತು. ಬಣ್ಣ ಬಳಿಯೋಣವೆಂದರೆ ಹುಲ್ಲಿನ ನಡುವೆ ತುಂಬುವ ಮರಳು ಉಜ್ಜಿ ಬೇಗ ಮಾಸುತ್ತದೆ, ಮಾಸಿದ ದಿನ ಅವರು ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. "ಮತ್ತೆ ಬಿದ್ರೆ ಯಾರು ಜವಾಬ್ದಾರಿ?" ಎಂದು ಶೋಭಾ ಕೇಳಿದರು. ಈ ಕೆಲಸವನ್ನೇ ಕೈ ಬಿಡೋಣವೆಂದು ನನಗೂ ಅನ್ನಿಸಿತು. ಸೆಲ್ವಂ ಕೂಡ "ಬೇಡಣ್ಣ, ದೊಡ್ಡವರ ಪ್ರಾಣದ ವಿಷಯ" ಅಂದ.

ಕೊನೆಗೆ ರುದ್ರಪ್ಪನವರೇ ಮಾತು ಮುಗಿಸಿದರು. "ಬಿದ್ರೆ ಎದ್ದೇಳ್ತೀನಿ ಮಾರಾಯ. ಕೂತ್ರೆ ಏಳಲ್ಲ."

ಮತ್ತೆ ಕತ್ತರಿಸಿದೆವು. ಅವರ ಹೆಜ್ಜೆಯ ಅಳತೆ ಹಿಡಿದು, ಏಣಿಯ ಮೆಟ್ಟಿಲುಗಳಂತೆ ಉದ್ದಕ್ಕೂ ಬಿಳಿ ಪಟ್ಟಿಗಳು. ಮಾಮೂಲಿಗಿಂತ ಅಗಲದ ಟೇಪ್. ಒಂದು ಎಳೆಯೂ ಅಂಟಿನಲ್ಲಿ ಸಿಕ್ಕದಂತೆ ಹುಲ್ಲನ್ನು ಬಾಚಿ, ಅಂಚುಗಳನ್ನು ಒತ್ತಿ, ಮೇಲೆ ಮರಳಿನ ಚೀಲ ಹೇರಿದೆವು. ಮಧ್ಯೆ ಮುಂಗಾರಿಗೆ ಮುಂಚಿನ ಗುಡುಗು ಶುರುವಾಯಿತು. ಹಸಿ ಅಂಟಿಗೆ ನೀರು ತಾಗಿದರೆ ಎಲ್ಲ ವ್ಯರ್ಥ. ಇಬ್ಬರೂ ಟಾರ್ಪಾಲಿನ ತುದಿ ಹಿಡಿದು ನೆನೆಯುತ್ತಾ ನಿಂತೆವು. ಒಣಗಿದ ಮೇಲೆ ಪ್ರತಿ ಸೀಮನ್ನೂ ಬರಿಗಾಲಲ್ಲಿ ಸವರುತ್ತಾ ನಡೆದು ನೋಡಿದೆ. ಒಂದು ಕಡೆ ಹೆಬ್ಬೆರಳಿಗೆ ಅಂಚು ತಾಗಿತು. ಅದನ್ನು ಕಿತ್ತು ಮತ್ತೆ ಹಾಕಿದೆವು.

ರುದ್ರಪ್ಪನವರು ಮಗಳ ತೋಳು ಹಿಡಿದು ಆ ತುದಿಯವರೆಗೆ ನಡೆದರು. ವಾಪಸ್ ಬರುವಾಗ ತೋಳು ಬಿಟ್ಟರು. ಶೋಭಾ ಎರಡೂ ಕೈ ಚಾಚಿಕೊಂಡೇ ಪಕ್ಕದಲ್ಲಿ ಬಂದರು. ನಾನು ಅವರಿಬ್ಬರ ಮುಖ ನೋಡಲಿಲ್ಲ, ಸೀಮುಗಳನ್ನೇ ನೋಡುತ್ತಿದ್ದೆ.

ಆಮೇಲೆ ಪ್ರತಿ ಮಳೆಗಾಲ ಕಳೆದ ಮೇಲೆ ಹೋಗಿ ಸೀಮ್ ಪರೀಕ್ಷಿಸಿ ಬರುತ್ತಿದ್ದೆ. ಅವರು ಅಲ್ಲಿ ಮತ್ತೆ ಬೀಳಲಿಲ್ಲ. ಆದರೆ ಕಾಯಿಲೆ ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿ ಗೆರೆ ಕಂಡರೂ ಕಾಲು ಏಳದ ಸ್ಥಿತಿ ಬಂತು. ಅಪ್ಪ ಈಗ ಹಾಸಿಗೆಯಲ್ಲೇ ಇರುತ್ತಾರೆ, ಈ ವರ್ಷ ಬರುವುದು ಬೇಡ ಎಂದು ಶೋಭಾ ಫೋನಿನಲ್ಲಿ ಹೇಳಿದ ದಿನ ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ.

ಬಿಟ್ಟುಕೊಂಡ ಸೀಮ್ ಹೇಗೆ ಕೂಡಿಸಬೇಕೆಂದು ಹುಬ್ಬಳ್ಳಿಯಲ್ಲಿ ಕಲಿತಿದ್ದೆ. ಏನನ್ನು ಕೀಳಬಾರದು ಎಂಬುದನ್ನು ಕಲಿತದ್ದು ವಿದ್ಯಾನಗರದಲ್ಲಿ. ಈಗ ಯಾವ ಮನೆಗೆ ಹೋದರೂ, ಕರೆದವರ ಮಾತು ಕೇಳಿದ ಮೇಲೆ, ಆ ನೆಲದ ಮೇಲೆ ಓಡಾಡುವವರ ಪಕ್ಕದಲ್ಲಿ ಒಂದಿಷ್ಟು ಹೊತ್ತು ಕುಳಿತು ಮಾತಾಡಿಸುತ್ತೇನೆ. ಅವರ ದನಿ ಸಣ್ಣದಿದ್ದರೆ, ಇನ್ನೂ ಹತ್ತಿರ ಕೂರುತ್ತೇನೆ.